ಮಂಡಿ ಮಾಸಿದ ಪ್ಯಾಂಟಿನವನು

ಸುಧಾಕರನ ಪ್ಯಾಂಟಿನ ಮಂಡಿ ಯಾವಾಗಲೂ ಮಣ್ಣಾಗಿರುತ್ತಿತ್ತು. ಮೊದಲ ಸಲ ನೋಡಿದಾಗ ಎಲ್ಲೋ ಕುಡಿದು ಬಿದ್ದು ಬಂದಿದ್ದಾನೆ ಅಂದುಕೊಂಡೆ. ಸಿದ್ದಾಪುರದ ನಮ್ಮ ಬೀದಿಯ ಹುಡುಗ ಹುಡುಗಿಯರಿಗೆ ಸಿನಿಮಾ ತೆಗೆಯುವುದನ್ನು ಕಲಿಸಲು ಒಂದು ಸಂಸ್ಥೆಯವರು ಅವನನ್ನು ಇಟ್ಟುಕೊಂಡಿದ್ದರು. ಮೋರಿ, ಕಸದ ಸಿನಿಮಾ ತೆಗೆದು ದೊಡ್ಡವರಿಗೆ ತೋರಿಸಿದರೆ ಬೀದಿ ಬದಲಾಗುತ್ತದಂತೆ. ಬದಲಾಗುತ್ತದೆ, ನನ್ನ ತಲೆ ಅಂದೆ.

ನಾನು ಸೊಪ್ಪು ಮಾರುವವಳು. ಒಂದು ದಿನ ಮೊಮ್ಮಗಳು ಪವಿತ್ರ ನನ್ನ ಕುಕ್ಕೆಯ ಮುಂದೆ ನಿಂತು ಕ್ಯಾಮೆರಾ ಹಿಡಿದಳು. ಸುಧಾಕರ ಮಣ್ಣಲ್ಲಿ ಮಂಡಿಯೂರಿ ಗದರಿದ: "ಅಜ್ಜಿ ನೆತ್ತಿ ತೆಗೆಯೋಕಾ ಬಂದಿದ್ದು? ಅವ್ರ ಮುಖ ಎಲ್ಲಿದ್ಯೋ ಅಲ್ಲಿಗೆ ನೀನ್ ಇಳೀಬೇಕು."

ಮಂಡಿಯ ಗುಟ್ಟು ಅವತ್ತು ಗೊತ್ತಾಯಿತು. ತೆಗೆದ ಸಿನಿಮಾವನ್ನು ಗೋಡೆಗೆ ಬೆಡ್‌ಶೀಟ್ ಕಟ್ಟಿ ಮೊದಲು ಬೀದಿಯವರಿಗೇ ತೋರಿಸುತ್ತಿದ್ದ. ಯಾರಾದರೂ ತಮ್ಮ ಮುಖ ಬೇಡ ಅಂದರೆ ಎರಡನೇ ಮಾತಿಲ್ಲದೆ ತೆಗೆದುಹಾಕುತ್ತಿದ್ದ.

ನಮ್ಮ ಬೀದಿಯ ಹೆಂಗಸರ ಕಕ್ಕಸಿಗೆ ಬೀಗ ಬಿದ್ದಿತ್ತು. ರಿಪೇರಿಯಂತೆ. ಬಸುರಿಯರೂ ಮುದುಕಿಯರೂ ಮೈನ್ ರೋಡ್ ದಾಟಿ ಹೋಗಬೇಕು. ಪವಿತ್ರ ಮತ್ತವಳ ಜೊತೆಯವರು ಅದನ್ನೇ ತೆಗೆದರು. ನಾನು ಬೀಗ ಹಿಡಿದು ಅಲ್ಲಾಡಿಸಿ ಬೈದೆ: "ಇದನ್ನ ಹಾಕಿಸ್ದೋನ ಹೆಂಡ್ತೀನ ಕರ್ಕೊಂಡ್ ಬನ್ರೋ. ಒಂದಿನ ಹೊಟ್ಟೆ ಹಿಡ್ಕೊಂಡು ಇಲ್ಲಿರ್ಲಿ!" ಬೆಡ್‌ಶೀಟಿನ ಮೇಲೆ ಅದು ಬಂದಾಗ ಬೀದಿಯೇ ಶಿಳ್ಳೆ ಹೊಡೆಯಿತು.

ಆಮೇಲೆ ಸಂಸ್ಥೆಯವರು ಜಯನಗರದ ಒಂದು ಹಾಲಿನಲ್ಲಿ ಅದನ್ನು ತೋರಿಸಿದರು. ಮುಂದಿನ ಸಾಲಿನಲ್ಲಿ ಆ ಬೀಗ ಹಾಕಿಸಿದ ವಾರ್ಡಿನ ಸಾಹೇಬರು. ಪರದೆ ಮೇಲೆ ನೋಡಿದರೆ ನನ್ನ ಬೈಗುಳವೇ ಇಲ್ಲ! ನಮಗೂ ಸುಧಾಕರನಿಗೂ ಹೇಳದೆ ಕತ್ತರಿಸಿದ್ದರು. ನಾನು ಸೆರಗಿನಲ್ಲಿ ಮುಖ ಒರೆಸಿಕೊಳ್ಳುವುದಷ್ಟೇ ಉಳಿದಿತ್ತು, ಹಿಂದೆ ಪಿಟೀಲು ಕುಯ್ಯೋ ಅನ್ನುತ್ತಿತ್ತು. ಪಕ್ಕದ ರೇಷ್ಮೆ ಸೀರೆಯವಳು ಕಣ್ಣೊರೆಸಿಕೊಂಡಳು.

ನಾನು ಎದ್ದು ನಿಂತೆ. "ಯಾರ್ರೀ ಅತ್ತಿದ್ದು? ಬೆವರು ಒರೆಸ್ಕೊಂಡ್ರೆ ಅಳೋದಾ?"

ಸಂಸ್ಥೆಯ ಮೇಡಂ, "ಅಜ್ಜಿ, ಕೂತ್ಕೊಳಿ, ಪ್ಲೀಸ್" ಅಂದರು.

ಸುಧಾಕರ ಹಿಂದಿನಿಂದ ಕೂಗಿದ: "ಇದು ಈ ಮಕ್ಕಳು ಮಾಡಿದ ಸಿನಿಮಾ ಅಲ್ಲ ಮೇಡಂ. ಅಜ್ಜಿ, ಬೈರಿ. ಅವತ್ತು ಏನಂದ್ರೋ ಅದನ್ನೇ ಸಾಹೇಬ್ರಿಗೆ ಹೇಳಿ."

ಹೇಳಿದೆ. ಇನ್ನೆರಡು ಮಾತು ಸೇರಿಸಿಯೇ ಹೇಳಿದೆ. ಎಲ್ಲರೂ ಸಾಹೇಬರ ಕಡೆ ತಿರುಗಿ ನೋಡಿದರು. ಅದೇ ವಾರ ಬೀಗ ಹೋಯಿತು. ಅದೇ ವಾರ ಸುಧಾಕರನನ್ನೂ ಕೆಲಸದಿಂದ ಬಿಡಿಸಿದರು. ಶಿಸ್ತಿಲ್ಲವಂತೆ. ಅಳದೇ ಇರುವವಳನ್ನು ಅಳಿಸಿದವರಿಗೆ ಶಿಸ್ತಿತ್ತಂತೆ, ಥೂ!

ಹೇಳಿ ಹೋಗಲು ಬಂದವನು ಎಂದಿನಂತೆ ನನ್ನ ಕುಕ್ಕೆಯ ಮುಂದೆ ಮಂಡಿಯೂರಿದ. ನನಗೆ ಮೈಯೆಲ್ಲ ಉರಿಯಿತು. "ಹೋಗೋನು ಹೋಗು. ಬೀಗ ನಮ್ದು, ನಿನ್ನನ್ಯಾರೋ ಬಾಯಿ ಹಾಕು ಅಂದಿದ್ದು?" ಅಂತ ಒಂದು ಕಟ್ಟು ಮೆಂತ್ಯ ಎತ್ತಿ ಎಸೆದೆ.

ಅವನು ಹಿಡಿದುಕೊಂಡು ನಕ್ಕ. "ಸಖತ್ ಶಾಟು ಅಜ್ಜಿ. ಪವಿತ್ರಂಗೆ ಮಿಸ್ ಆಯ್ತು." ಸೊಪ್ಪು ಹಿಡಿದುಕೊಂಡೇ ಬಸ್ಸು ಹತ್ತಿದ. ಮತ್ತೆ ಈ ಕಡೆ ಬಂದಿಲ್ಲ.

ಈಗ ಹೊಸಬನೊಬ್ಬ ಕಲಿಸಲು ಬರುತ್ತಾನೆ. ಮೊನ್ನೆ ನನ್ನ ಕುಕ್ಕೆಯ ಮುಂದೆ ಕ್ಯಾಮೆರಾ ಹಿಡಿದು ನಿಂತು, "ಅಜ್ಜಿ, ಸ್ವಲ್ಪ ಮೇಲೆ ನೋಡಿ" ಅಂದ.

"ನೀನೇ ಕೆಳಗೆ ಕೂತ್ಕೋ" ಅಂದೆ.

ಅವನು ನೆಲ ನೋಡಿದ. ತನ್ನ ಪ್ಯಾಂಟು ನೋಡಿಕೊಂಡ. ನಿಂತೇ ಇದ್ದ. ನಾನು ಸೆರಗನ್ನು ಮುಖದ ಮೇಲೆಳೆದುಕೊಂಡು ಸೊಪ್ಪಿಗೆ ನೀರು ಚಿಮುಕಿಸಿದೆ.