ಕೈಗೆ ತಣ್ಣಗೆ, ಒಳಗೆ ತೊಂಬತ್ತೇಳು

...ಹಂಗಂತ ಫ್ರಿಜ್ ಮಾವಂಗೆ ಏನೂ ಗೊತ್ತಿಲ್ಲ ಅನ್ಬೇಡಿ ಮತ್ತೆ. ಮೂವತ್ತು ವರ್ಷ ಊರೋರ ಫ್ರಿಜ್ಜೆಲ್ಲಾ ರಿಪೇರಿ ಮಾಡಿರೋ ಕೈ ಅದು. ಮಗಳ ಹಳೇ ಕಂಪ್ಯೂಟರ್ ಸತ್ತೋದಾಗ, ಅಂಗಡಿಯೋರು ಜೋಡಿಸ್ಕೊಡ್ತೀವಿ ಅಂದ್ರೂ ಕೇಳ್ದೆ, ಬಿಡಿಭಾಗ ತಂದು ಊಟದ ಟೇಬಲ್ ಮೇಲೆ ತಾವೇ ಹೊಸದು ಜೋಡಿಸಿದ್ರು.

ಎಡವಟ್ಟು ಗೊತ್ತಾಗಿದ್ದು ಮರುದಿನ ಮಧ್ಯಾಹ್ನ. ಹಳೇ ಕಂಪ್ಯೂಟರಿನ ಡಿಸ್ಕಲ್ಲಿ ಉಳ್ಕೊಂಡಿದ್ದ, ಮಗಳು ಎಂಟು ತಿಂಗಳು ಕೂತು ಮಾಡಿದ ಕಾರ್ಟೂನ್ ಸಿನಿಮಾ, ಸಂಜೆ ಐದರೊಳಗೆ ಕಾಲೇಜಿಗೆ ಕಳಿಸ್ಬೇಕು. ತಲುಪಿದ್ರೆ ಸೀಟು ಸಿಗೋ ಆಸೆ, ಇಲ್ಲಾಂದ್ರೆ ಈ ವರ್ಷ ಮುಗೀತು. ದೃಶ್ಯಗಳನ್ನೆಲ್ಲ ಸೇರಿಸಿ ಒಂದೇ ಸಿನಿಮಾ ಮಾಡು ಅಂತ ಮಗಳು ಬಟನ್ ಒತ್ತಿದ ಎರಡೇ ನಿಮಿಷಕ್ಕೆ ಪರದೆ ಕಪ್ಪು. ಮತ್ತೆ ಹಾಕಿದ್ರೆ ಮತ್ತೆ ಕಪ್ಪು.

"ಅಪ್ಪಾ, ಪ್ರೊಸೆಸರ್ ತೊಂಬತ್ತೇಳು ಡಿಗ್ರಿ ತೋರಿಸ್ತಿದೆ. ಸುಮ್ನಿದ್ದಾಗ ನಲವತ್ತು, ದುಡಿಯುವಾಗ ಎಪ್ಪತ್ತು ಎಂಬತ್ತಿದ್ರೆ ಸರಿ. ನೂರು ಮುಟ್ಟಿದ್ರೆ ಸುಟ್ಟೋಗ್ಬಾರ್ದು ಅಂತ ತಾನೇ ಆಫ್ ಆಗತ್ತೆ."

ಮಾವ ಪಕ್ಕದ ತಗಡು ಬಿಚ್ಚಿ, ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಹೀರ್ಕೊಳ್ಳೋ ಕೂಲರಿನ ಲೋಹದ ರೆಕ್ಕೆ ಮುಟ್ಟಿದ್ರು. "ಮಡಕೆ ನೀರಿನ ಥರ ತಣ್ಣಗಿದೆ ಕಣೇ. ನಿನ್ನ ಮೀಟರ್ರೇ ಸುಳ್ಳು."

"ಸುಳ್ಳಾದ್ರೆ ಆಫ್ ಯಾಕಾಗ್ತಿದೆ?"

ಗಾಳಿ ಸಾಲ್ತಿಲ್ವೇನೋ ಅಂತ ಟೇಬಲ್ ಫ್ಯಾನ್ ತಂದಿಟ್ರು. ತೊಂಬತ್ತಾರು. ಗಂಟೆ ಮೂರೂವರೆ. ಮಾವನ ಹೆಂಡ್ತಿ ಬಾಗ್ಲಲ್ಲಿ ನಿಂತು, "ಕಂಡೋರ ಮನೆಗೆಲ್ಲಾ ತಂಪು, ಹೆತ್ತ ಮಗಳ ಹೊಟ್ಟೆಗೆ ಬೆಂಕಿ" ಅಂದ್ರು. ಮಗಳು ಅಳ್ತಾನೂ ಇರ್ಲಿಲ್ಲ, ಅದೇ ನೋಡೋಕಾಗ್ತಿರ್ಲಿಲ್ಲ.

ಇನ್ನೊಂದ್ಸಲ ಮುಟ್ಟಿದ್ರು. ತಣ್ಣಗೇ ಇದೆ. ಆಗ ಹೊಳೀತು. ಫ್ರಿಜ್ಜೊಳಗೆ ಬಿಸಿಯಿದ್ದು ಹಿಂದಿನ ಜಾಲರಿ ತಣ್ಣಗಿದ್ರೆ, ಒಳಗಿನ ಬಿಸಿ ಹೊರಗೆ ಬರ್ತಿಲ್ಲ ಅಂತ ಅರ್ಥ. ಇಷ್ಟು ವರ್ಷ ಬೇರೆಯೋರಿಗೆ ಇದನ್ನೇ ಹೇಳ್ಕೊಂಡ್ ಬಂದೋರು ಅವ್ರು.

ಸ್ಕ್ರೂ ಬಿಚ್ಚಿ ಕೂಲರ್ ಎತ್ತಿದ್ರೆ ಹೊಸ ಸಾಮಾನಿಗೆ ಅಂಟಿಸಿ ಕೊಡೋ ಪ್ಲಾಸ್ಟಿಕ್ ಹಾಳೆ ತಳದಲ್ಲಿ ಹಂಗೇ ಇದೆ, ಬಿಸಿಗೆ ಅಡ್ಡವಾಗಿ. ಹೊಸ ಸಾಮಾನಿನ ಹಾಳೆ ಕೊನೇಲಿ ಗಿರಾಕಿ ಕಣ್ಣೆದುರೇ ಕೀಳ್ಬೇಕು, ಅಲ್ಲೀವರ್ಗೂ ಮುಟ್ಬಾರ್ದು, ಹಳೇದು ಹಾಕಿದ್ರು ಅಂತ ಯಾರೂ ಅನ್ಬಾರ್ದು, ಇದು ಮಾವನ ಕಟ್ಟುನಿಟ್ಟು. ಪ್ರೊಸೆಸರಿಗೆ ಒತ್ಕೊಳ್ಳೋ ಮುಖದ ಹಾಳೇನೂ ಅದೇ ಅಭ್ಯಾಸಕ್ಕೆ ಕೈ ಕೀಳ್ದೆ ಬಿಟ್ಟಿತ್ತು.

"ನಂದೇ ತಪ್ಪು ಕಣಮ್ಮ" ಅಂದ್ರು.

"ಆಮೇಲ್ ಹೇಳಪ್ಪ, ಮೊದ್ಲು ಕೂರ್ಸು."

ಹಾಳೆ ಕಿತ್ತು, ಬಿಸಿ ದಾಟಿಸೋ ಪೇಸ್ಟ್ ಹಚ್ಚಿ ಕೂರಿಸಿದಾಗ ನಾಲ್ಕೂ ಹತ್ತು. ಎಪ್ಪತ್ತೊಂದಕ್ಕೆ ಬಂದು ನಿಂತ್ಕೊಂತು. ಆದ್ರೆ ಇಡೀ ಸಿನಿಮಾಗೆ ಒಂದು ಗಂಟೆ ಬೇಕು. ಮಗಳು ಕೊನೇ ದೃಶ್ಯಾನೇ ಕತ್ತರಿಸಿದ್ಲು. ಎರಡು ತಿಂಗಳ ಕೆಲ್ಸ ಅದು. ಐದಕ್ಕೆ ನಾಲ್ಕು ನಿಮಿಷ ಇದ್ದಾಗ ಕಳಿಸಿದ್ಲು, ಬಾಲ ಇಲ್ದೇನೇ.

ಕಾಲೇಜಿಂದ ಉತ್ರ ಇನ್ನೂ ಬಂದಿಲ್ಲ. ಆ ಕತ್ತರಿಸಿದ ಬಾಲ ನೆನೆದು ಮಾವಂಗೆ ಅನ್ನ ಸೇರ್ತಿಲ್ಲ. ಬಸ್ ಸ್ಟಾಂಡ್ ಹಿಂದೆ, ಸೈಕಲ್ ಅಂಗಡಿ ಪಕ್ಕ ಇದೆ ಅವ್ರ ಅಂಗಡಿ. ಒಂದ್ಸಲ ಹೋಗಿ ಮಾತಾಡ್ಸಿ. ಕತ್ತರಿಸಿದ ಆ ದೃಶ್ಯದಲ್ಲಿ ಏನಿತ್ತು ಅಂತ ಕೇಳಿದ್ರೆ ಸಾಕು, ಸ್ಟೂಲ್ ಎಳೆದು ಕೂರಿಸ್ಕೊಂಡು ಪೂರ್ತಿ ಹೇಳ್ತಾರೆ.