ಪ್ಲೇಟಿನ ಹಿಂದಿನ ಗೋಣಿ ತಟ್ಟು

ಹಳೆ ಗಾಡಿಯ ನಂಬರ್ ಪ್ಲೇಟು ಬಿಚ್ಚುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟಬೇಡಿ. ಪ್ಲೇಟು ಬರುತ್ತದೆ, ಜೊತೆಗೆ ಬಣ್ಣವೂ ಬರುತ್ತದೆ. ಮುಂದೆ ಗಾಡಿ ಕೊಳ್ಳಲು ಬಂದವನು ಆ ಗೀರಿನ ಮೇಲೆ ಬೆರಳಾಡಿಸುತ್ತಲೇ ರೇಟು ಇಳಿಸುತ್ತಾನೆ. ನಾನೂ ಹಾಗೆ ಇಳಿಸಿದವನೇ. ಶಹಾಪುರದಲ್ಲಿ ಪಂಕ್ಚರ್ ತಿದ್ದುತ್ತ ಕುಳಿತವನು ಹಳೆ ಗಾಡಿ ಕೊಟ್ಟು-ತಗೊಳ್ಳುವ ಧಂದೆಗೆ ಬಂದದ್ದು ಇಂಥವನ್ನೆಲ್ಲ ನೋಡಿ ನೋಡಿಯೇ.

ಆ ದಿನ ಅಂಗಡಿ ಮುಂದೆ ಬಂದು ನಿಂತದ್ದು ಕಕ್ಕೇರಾದ ಕಾಕಾನ ಬಿಳಿ ಅಂಬಾಸಿಡರ್. ರಕ್ತ ಸಂಬಂಧದ ಕಾಕಾ ಅಲ್ಲ. ಕಾಲುವೆ ತೋಡುವ ಕಾಲದಲ್ಲಿ ಕ್ಯಾಂಪಿನ ಸಾಹೇಬರ ಗಾಡಿ ಓಡಿಸುತ್ತಿದ್ದ ಡ್ರೈವರ್. ಕೆಲಸ ಮುಗಿದು ಕ್ಯಾಂಪು ಖಾಲಿಯಾದಾಗ ದಿನಗೂಲಿಯವರು ಮನೆಗೆ ಹೋದರು, ಗಾಡಿಗಳು ಹರಾಜಿಗೆ ಹೋದವು. ತಾನು ಓಡಿಸುತ್ತಿದ್ದ ಗಾಡಿಯನ್ನೇ ಕಾಕಾ ಹಿಡಿದ. ಅಂದಿನಿಂದ ಮದುವೆಗೂ ಅದೇ, ಹೆರಿಗೆ ಬ್ಯಾನಿ ಎದ್ದವರನ್ನು ಸುರಪುರದ ದವಾಖಾನೆಗೆ ಒಯ್ಯಲೂ ಅದೇ. ಊರಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಡ್ರೈವರ್ ಅಂದರೆ ಅವನೇ.

ಆ ಗಾಡಿಯ ಮೇಲೆ ನನಗೂ ಕಣ್ಣಿತ್ತು. ಕೇಳಿದಾಗಲೆಲ್ಲ, “ನನ್ನ ಹೆಣ ಬೇಕಾದ್ರ ಖರೀದಿ ಮಾಡು ಸಾವ್ಕಾರ, ಗಾಡಿ ಕೇಳಬ್ಯಾಡ” ಅನ್ನುತ್ತಿದ್ದ.

“ಹೆಣಕ್ಕ ಗಿರಾಕಿ ಎಲ್ಲಿ ಹುಡುಕಲಿ ಕಾಕಾ?” ಅನ್ನುತ್ತಿದ್ದೆ ನಾನು.

ಹೊಸ ನಮೂನೆಯ ಪ್ಲೇಟು ಇಲ್ಲದೆ ಪಾಸಿಂಗ್ ಇಲ್ಲ ಎಂದಾಗಿತ್ತು. ಕಾಕಾ ಹೊಸ ಪ್ಲೇಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಿದ್ದ. ನನ್ನಲ್ಲಿ ಹಾಕಿಸಿಕೊಂಡು ಹಾಗೇ ಯಾದಗಿರಿಯ ಆರ್‌ಟಿಓ ಆಫೀಸಿಗೆ ಹೋಗಿ ಗಾಡಿ ತೋರಿಸಬೇಕು. ಪಾಸಾದರೆ ಇನ್ನೂ ಕೆಲವು ವರ್ಷ ರೋಡಿನ ಮೇಲೆ, ಇಲ್ಲದಿದ್ದರೆ ಗುಜರಿಗೆ.

“ಒಂದು ಗೀರು ಬೀಳಬಾರ್ದು ನೋಡು.”

“ನೀ ಚಾ ಕುಡಿ. ವರನ ಮುಂದ ಕುಂಡ್ರಿಸೋ ಹೆಣ್ಣಿನಂಗ ಮಾಡಿ ಕೊಡ್ತೀನಿ.”

ಮುಂದಿನ ಪ್ಲೇಟು ಬಂಪರಿನ ಕೆಳಗೆ, ರೇಡಿಯೇಟರಿಗೆ ಆಸರೆಯಾದ ತಗಡಿಗೆ ಕೂತಿತ್ತು. ಅದರ ಮೇಲೆ ಕುಂಕುಮ, ವಿಭೂತಿ ಪದರು ಪದರಾಗಿ ಗಟ್ಟಿಯಾಗಿದ್ದವು. ಅಮಾವಾಸ್ಯೆಗೊಮ್ಮೆ ಕಾಕಾ ಗಾಡಿ ಮುಂದೆ ಕಾಯಿ ಒಡೆದು, ಆ ನೀರನ್ನು ಪ್ಲೇಟಿನ ಮೇಲೆಯೇ ಹೊಯ್ಯುತ್ತಿದ್ದ. ನಂಬರಿಗೆ ಮಾರಿ ತೊಳೆಸೋದು ಅನ್ನುತ್ತಿದ್ದ ಅದಕ್ಕೆ.

ಬಿಸಿನೀರಿನಿಂದ ಆ ಪದರು ಕರಗಿಸಿದೆ. ಡೀಸೆಲ್‌ನಲ್ಲಿ ನೆನೆಸಿದ ಅರಿವೆಯನ್ನು ತುಕ್ಕು ಹಿಡಿದ ಸ್ಕ್ರೂಗಳ ಮೇಲೆ ಹೊದಿಸಿ ಬಿಟ್ಟೆ. ಇದಕ್ಕೆ ಅವಸರ ಮಾಡಬಾರದು, ಜಂಗು ಕುಡಿಯುವಷ್ಟು ಕುಡಿಯಬೇಕು. ಬಿಡಿಸುವ ಮುಂಚೆ ಸ್ಕ್ರೂವನ್ನು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ತಿರುವಿ. ಎಷ್ಟೋ ಜನ ಇದನ್ನು ನಂಬುವುದಿಲ್ಲ, ಸ್ಕ್ರೂವಿನ ತಲೆ ಮುರಿದುಕೊಂಡು ನನ್ನಲ್ಲಿಗೇ ಬರುತ್ತಾರೆ. ಬಣ್ಣದ ಮೇಲೆ ದಪ್ಪ ಅರಿವೆ ಒತ್ತಿ ಹಿಡಿದು ಒಂದೊಂದೇ ಬಿಚ್ಚಿದೆ. ಪ್ಲೇಟು ಕೈಗೆ ಬಂತು. ಒಂದು ಗೀರಿಲ್ಲ.

“ಭೇಷ್!” ಅಂದ ಕಾಕಾ, ಚಾ ಕಪ್ಪು ಕೆಳಗಿಟ್ಟು.

ಪ್ಲೇಟಿನ ಹಿಂದೆ ಮಡಚಿದ ಗೋಣಿ ತಟ್ಟೊಂದು ತಗಡಿಗೆ ಅಂಟಿಕೊಂಡಿತ್ತು. ಕಾಲುವೆ ದಂಡೆಯ ಜಲ್ಲಿ ಹಾಕಿದ ಕಡಿ ರೋಡಿನಲ್ಲಿ ಪ್ಲೇಟುಗಳು ಗಡಗಡ ಅನ್ನುತ್ತಿದ್ದವು, ಹಿಂದಿನ ಸೀಟಿನ ಸಾಹೇಬರು ಬೈಯುತ್ತಿದ್ದರು. ಹಾಗಾಗಿ ಕ್ಯಾಂಪಿನ ಡ್ರೈವರುಗಳೆಲ್ಲ ಸಿಮೆಂಟಿನ ಗೋಣಿ ಹರಿದು ಹಿಂದೆ ತುರುಕುತ್ತಿದ್ದರು. ಸಪ್ಪಳ ನಿಂತಿತ್ತು. ಕಾಯಿ ನೀರು ಮಾತ್ರ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಆ ಗೋಣಿಗೆ ಇಳಿಯುತ್ತಲೇ ಇತ್ತು.

ಗೋಣಿ ಎಳೆದೆ. ಸೀದ ಸಜ್ಜಿ ರೊಟ್ಟಿಯ ಪದರಿನಂತೆ ತಗಡೂ ಅದರ ಜೊತೆ ಬಂತು. ಬೆರಳು ಒಳಗೆ ಹೋಗಿ ರೇಡಿಯೇಟರಿಗೆ ತಾಗಿತು. ಎಡಕ್ಕೂ ಬಲಕ್ಕೂ ಚಾಸಿಯ ತುದಿ ಒತ್ತಿ ನೋಡಿದೆ; ಅಲ್ಲೂ ಪುಡಿ ಉದುರಿತು.

ಕಾಕಾ ಬಗ್ಗಿ ನೋಡಿದ. “ವೆಲ್ಡಿಂಗ್ ಹೊಡಿ.”

“ವೆಲ್ಡಿಂಗಿಗೆ ಹಿಡ್ಕೊಳ್ಳಾಕ ಕಬ್ಬಿಣ ಬೇಕಲ್ಲ ಕಾಕಾ. ಜೀರ್ಣಾದ ಧೋತ್ರಕ್ಕ ತ್ಯಾಪಿ ಹಚ್ಚಿದ್ರ ಹೊಲಿಗಿ ಎಲ್ಲಿ ನಿಲ್ತದ?”

“ಬ್ಯಾರೆ ಗಾಡಿದು ಮುಂದಿನ ಮಾರಿ ಕೊಯ್ದು ತಂದು ಕೂಡಿಸು.”

“ಎಲ್ಲಿಗಿ ಕೂಡಿಸಲಿ? ಎರಡೂ ಕಡಿ ಚಾಸಿ ಹೋಗ್ಯಾವ. ಯಾದಗಿರಿಯೊಳಗ ಬಾನೆಟ್ ಎತ್ತಿದ ಕೂಡ್ಲೇ ಕಾಣ್ತದ.”

ಕಾಕಾ ಬಾನೆಟ್ಟಿನ ಮೇಲೆ ಅಂಗೈ ಊರಿ, “ಮನಿಯಾಗ ದೀಪ ಹಚ್ಚೋದು ಮರ್ತೇನಿ, ಇದಕ್ಕ ಒಂದು ಅಮಾಸಿನೂ ತಪ್ಪಿಸಿಲ್ಲ” ಅಂದ.

ನನಗೆ ಬರುವುದು ಸಲಹೆ ಕೊಡುವುದೊಂದೇ. ಅದನ್ನೇ ಕೊಟ್ಟೆ. “ಇಂಜಿನ್ ಛಲೋ ಅದ ಕಾಕಾ. ಬಾಗಿಲ, ಸೀಟು, ಟಾಯರ್, ಬಿಡಿಬಿಡಿಯಾಗಿ ಒಳ್ಳೆ ಬೆಲಿಗೆ ಹೋಗ್ತಾವ. ತಡ ಮಾಡಬ್ಯಾಡ, ನಾನೇ ತಗೋತೀನಿ.”

“ಬಿಡಿಬಿಡಿಯಾಗಿ” ಅಂದ ಕಾಕಾ. ಬೈಯಲಿಲ್ಲ. ಬೈದಿದ್ದರೆ ಚೌಕಾಸಿಗೆ ಒಂದು ದಾರಿಯಾದರೂ ಇರುತ್ತಿತ್ತು.

“ಹಳೇದ ಹಾಕು.”

ಪ್ಲೇಟು ಎತ್ತಿ ಹಿಡಿದೆ. ಸ್ಕ್ರೂ ಕಚ್ಚಿಕೊಳ್ಳಲು ಅಲ್ಲಿ ಏನೂ ಉಳಿದಿರಲಿಲ್ಲ. ತಂತಿ ತಂದು ಬಂಪರಿಗೇ ಬಿಗಿಯಬೇಕಾಯಿತು. ಅಷ್ಟರಲ್ಲಿ ಕಾಕಾ ನೆಲದ ಮೇಲೆ ಬಿದ್ದಿದ್ದ ಗೋಣಿ ತಟ್ಟು ಎತ್ತಿಕೊಂಡು, ಜಂಗು ಜಾಡಿಸಿ, ಮೊದಲಿನ ಮಡಿಕೆಯಲ್ಲೇ ಮಡಚಿದ.

“ಇದನ್ನೂ ಇಡು. ಇಲ್ಲಂದ್ರ ಸಪ್ಪಳ ಮಾಡ್ತದ.”

ಇಟ್ಟೆ. ಹೊಸ ಪ್ಲೇಟನ್ನು ಟವೆಲ್ ಸಮೇತ ಹಿಂದಿನ ಸೀಟಿನ ಮೇಲೆ ಮಲಗಿಸಿ ಅವನು ಗಾಡಿ ಚಾಲು ಮಾಡಿದ. ಕ್ರಾಸಿನಲ್ಲಿ ಯಾದಗಿರಿ ರೋಡು ಹಿಡಿಯಲಿಲ್ಲ. ಬಂದ ದಾರಿಯಲ್ಲೇ, ಸುರಪುರ ದಾಟಿ ಕಕ್ಕೇರಾದ ಕಡೆ, ತಿರುಗಿಸಿಕೊಂಡ.