ಬ್ರೆದಾ ಪುಚ್ಕೊ ಮತ್ತು ಒಂದು ದ್ವಿವಚನ

ಗ್ಯಾಸ್, ಹೈಡ್ರೋಜನ್ ಮತ್ತು ಮೀಥೇನ್ ಸೋರಿಕೆಯನ್ನು ಕುರಿತ ಯುರೋಪಿನ ಹೊಸ ನಿಯಮಗಳನ್ನು ಇಂದು ಸ್ಲೊವೇನಿಯನ್ ಭಾಷೆಯಲ್ಲಿ ಯಾರಾದರೂ ತಡವರಿಸದೆ ಓದುತ್ತಿದ್ದರೆ, ಅದರ ಹಿಂದೆ ಬ್ರಸೆಲ್ಸ್‌ನ ನಮ್ಮ ಅನುವಾದ ವಿಭಾಗದ ಹಿರಿಯರಾದ ಶ್ರೀಮತಿ ಬ್ರೆದಾ ಪುಚ್ಕೊ ಅವರ ಶ್ರಮವಿದೆ. ಕಾನೂನಿನ ಅನುವಾದಕರ ಹೆಸರು ಯಾವ ಪುಟದಲ್ಲೂ ಅಚ್ಚಾಗುವುದಿಲ್ಲ. ಅವರ ನಿವೃತ್ತಿಗೆಂದು ನಾವು ತರುತ್ತಿರುವ ಈ ಅಭಿನಂದನಾ ಸಂಪುಟದಲ್ಲಾದರೂ ಅಚ್ಚಾಗಲಿ ಎಂಬುದು ನಮ್ಮ ಹಟ.

ನಮ್ಮ ದೇಶ ಯುರೋಪಿಯನ್ ಒಕ್ಕೂಟ ಸೇರಿದ ಹೊಸತರಲ್ಲಿ ಪತಿ ಸ್ಟಾಂಕೊ ಅವರೊಡನೆ ಇಲ್ಲಿಗೆ ಬಂದವರು ಅವರು. ನಾನು ಕೆಲಸಕ್ಕೆ ಸೇರಿದ ವರ್ಷ ನನ್ನ ಹೆಂಡತಿಯ ಹೆರಿಗೆ ಕಷ್ಟವಾದಾಗ, ನನ್ನ ಪಾಲಿನ ಪುಟಗಳನ್ನೆಲ್ಲ ತಾವೇ ಮುಗಿಸಿ, ಗಸಗಸೆ ತುಂಬಿದ ತಮ್ಮೂರಿನ ಸಿಹಿತಿಂಡಿ ಗಿಬಾನಿತ್ಸಾ ಕಟ್ಟಿಕೊಂಡು ಆಸ್ಪತ್ರೆಗೆ ಬಂದು, ಕೆಲಸದ ಮಾತೇ ಎತ್ತದೆ ಹೊರಟುಹೋದರು.

ನಮ್ಮ ಭಾಷೆಯಲ್ಲಿ ಏಕವಚನ, ಬಹುವಚನಗಳ ನಡುವೆ ಇಬ್ಬರಿಗೇ ಮೀಸಲಾದ ದ್ವಿವಚನವುಂಟು. ಸ್ಟಾಂಕೊ ತೀರಿಕೊಂಡ ಮೇಲೆ, ಮನೆಯ ವಿಚಾರ ಬಂದಾಗೆಲ್ಲ 'ನಾವಿಬ್ಬರು' ಎನ್ನುತ್ತಿದ್ದ ಬ್ರೆದಾ ಅವರು 'ನಾನು' ಎನ್ನತೊಡಗಿದರು. ಅದನ್ನು ಕೇಳಿ ನಮಗೆ ಬಹಳ ಸಂಕಟವಾಗುತ್ತಿತ್ತು.

ಅವರಿಗೆ ಉಳಿದದ್ದು ನಮ್ಮ ದೇಶದ ಗಡಿಯಂಚಿನ ಪ್ರೆಕ್ಮುರ್ಯೆ ಸೀಮೆಯ ತವರುಮನೆ, ಅಲ್ಲಿ ತಂಗಿ ಏಮಾ. ಆ ಮನೆಯ ಹಿಂದೆ ಹಾಳುಬಿದ್ದ ಗ್ಯಾಸ್ ಬಾವಿಯೊಂದಿತ್ತು. ಅದರಿಂದ ಸೋರಿದ ಮೀಥೇನ್ ನೆಲಮಾಳಿಗೆಯಲ್ಲಿ ತುಂಬತೊಡಗಿ, ಏಮಾ ಒಲೆ ಹಚ್ಚಲೂ ಹೆದರುವಂತಾಯಿತು. ಬಾವಿ ಕೊರೆದ ಕಂಪನಿ ಮುಳುಗಿಹೋಗಿತ್ತು. ಪರವಾನಗಿ ಪಡೆದ ಇನ್ನೊಂದು ಕಂಪನಿ ಕೈತೊಳೆದುಕೊಂಡಿತ್ತು. ಬಾವಿ ಮುಚ್ಚದಿದ್ದರೆ ಮನೆ ಬಿಡಬೇಕಾಗುತ್ತದೆ ಎಂದು ಏಮಾಗೆ ಪುರಸಭೆಯವರು ಹೇಳಿದ್ದರು.

ಅದೇ ಸಮಯಕ್ಕೆ ಹೊಸ ನಿಯಮಗಳ ಕರಡು ನಮ್ಮ ಮೇಜಿಗೆ ಬಂತು. ಹಳೆಯ ಬಾವಿಯನ್ನು ಕೊರೆದವನೂ ಪರವಾನಗಿದಾರನೂ ಮುಚ್ಚಬೇಕೆಂಬ ವಾಕ್ಯ ಅದರಲ್ಲಿತ್ತು. ಇಬ್ಬರು ಎಂದೊಡನೆ ನಮ್ಮವರ ಕೈ ತಾನಾಗಿ ದ್ವಿವಚನಕ್ಕೆ ಹೋಗುತ್ತದೆ, ಹೋಯಿತು.

ಬ್ರೆದಾ ಅವರು ಓದಿ ಕನ್ನಡಕ ತೆಗೆದರು. "ಏನ್ರಪ್ಪಾ, ಈ ಕಂಪನಿಗಳಿಗೆ ಮದುವೆ ಮಾಡಿಸಿಬಿಟ್ಟಿದ್ದೀರಲ್ಲ. ಇಬ್ರೂ ಜೊತೆಗಿದ್ರೆ ಮಾತ್ರ ಮುಚ್ಚಬೇಕು ಅನ್ನೋ ಹಾಗಿದೆ. ಒಬ್ಬ ಸತ್ರೆ ಇನ್ನೊಬ್ಬನ್ನ ವಕೀಲರು ಸಲೀಸಾಗಿ ಬಿಡಿಸ್ಕೊಂಡು ಹೋಗ್ತಾರೆ."

"ಹಾಗಾದ್ರೆ ನೀವೇ ತಿದ್ದಿಬಿಡಿ, ಮೇಡಂ," ಎಂದೆ.

"ಅದಾಗಲ್ಲ. ನಮ್ಮ ಏಮಾ ಮನೆ ಹಿಂದೇನೇ ಇಂಥದೊಂದು ಬಾವಿ ಇದೆ. ನನ್ನ ಮಾತಲ್ಲಿ ಸ್ವಾರ್ಥ ಎಷ್ಟಿದೆಯೋ ನಂಗೇ ಗೊತ್ತಿಲ್ಲ. ಮೂಲ ನೋಡಿ ನೀವೇ ತೀರ್ಮಾನ ಮಾಡಿ, ನಾನು ಹೊರಗಿರ್ತೀನಿ."

ತಮ್ಮ ತವರುಮನೆಯ ಅಳಿವು ಉಳಿವು ಒಳಗೆ ಚರ್ಚೆಯಾಗುತ್ತಿರುವಾಗ ಅವರು ಹಜಾರದ ಬೆಂಚಿನ ಮೇಲೆ ಆರಿದ ಕಾಫಿ ಹಿಡಿದು ಕೂತಿದ್ದರು. ಮೂಲದಲ್ಲಿ ಹೊಣೆ ಇಬ್ಬರಲ್ಲಿ ಪ್ರತಿಯೊಬ್ಬರ ಮೇಲೂ ಇತ್ತು. ದ್ವಿವಚನವನ್ನು ಕಿತ್ತು 'ಪ್ರತಿಯೊಬ್ಬರೂ' ಎಂದು ಬರೆದೆವು. ಒಳಗೆ ಕರೆದು ಹೇಳಿದಾಗ "ಸರಿ" ಎಂದಷ್ಟೇ ಹೇಳಿ ಮುಂದಿನ ಪುಟ ತಿರುವಿದರು.

ನಿಯಮ ಜಾರಿಯಾಯಿತು. ಪರವಾನಗಿ ಪಡೆದ ಕಂಪನಿಯವರು ಗೊಣಗುತ್ತಲೇ ಬಾವಿಗೆ ಸಿಮೆಂಟ್ ತುಂಬಿಸಿದರು. ಬೀಳ್ಕೊಡುಗೆಯ ದಿನ, ಮುಂದೇನು ಎಂದು ಬ್ರೆದಾ ಅವರನ್ನು ಕೇಳಿದೆ.

"ಊರಿಗೆ ಹೋಗ್ತೀನಿ. ಏಮಾ ಒಲೆ ಹಚ್ಚಿದ್ದಾಳಂತೆ," ಎಂದರು. ಆಮೇಲೆ, ಎಷ್ಟೋ ವರ್ಷಗಳ ಮೇಲೆ ದ್ವಿವಚನದಲ್ಲಿ ಹೇಳಿದರು, "ನಾವಿಬ್ರು ಇನ್ನು ಅಲ್ಲೇ ಇರ್ತೀವಿ."

ಅಲ್ಲಿಂದಲೇ ಅವರು ನಮ್ಮ ಕರಡುಗಳನ್ನು ತಿದ್ದುತ್ತಿರಲಿ. ದೀರ್ಘಾಯುಷ್ಯ ಕೋರುವ ಈ ಕೊನೆಯ ವಾಕ್ಯವನ್ನು ನಾನು ಮೊದಲು ಅವರೊಬ್ಬರಿಗೆಂದೇ ಬರೆದಿದ್ದೆ. ಈಗ ತಿದ್ದಿದ್ದೇನೆ: ಅವರಿಬ್ಬರೂ ಬಹುಕಾಲ ಒಟ್ಟಿಗೆ ಬಾಳಲಿ.